ಬೆಟ್ಟ ಅಗೆದು ಹಿಡಿದ ಇಲಿ: ‘ವೇರ್ ಈಗಲ್ಸ್ ಡೇರ್’ ನೋಡಿದವರ ತಕರಾರುಗಳು

‘ವೇರ್ ಈಗಲ್ಸ್ ಡೇರ್’ ನೋಡಿದವರು ಯಾರಾದರೂ ಸಿಕ್ಕರೆ ಕಥೆ ಹೇಳಿ ಅಂತ ಕೇಳಿ. ಹಿಮ, ಬೆಟ್ಟದ ತುದಿಯ ಕೋಟೆ, ಕೇಬಲ್ ಕಾರಿನ ಮೇಲೆ ಹೊಡೆದಾಟ, ಎರಡೂ ಕೈಯಲ್ಲಿ ಬಂದೂಕು ಹಿಡಿದ ಕ್ಲಿಂಟ್ ಈಸ್ಟ್‌ವುಡ್. ಇಷ್ಟು ತಕ್ಷಣ ಬರುತ್ತದೆ. ಸರಿ, ಅವರೆಲ್ಲ ಆ ಕೋಟೆಗೆ ಹೋಗಿದ್ದು ಯಾಕೆ? ಕೆಲವರು ‘ಸೆರೆ ಸಿಕ್ಕ ಜನರಲ್‌ನನ್ನು ಬಿಡಿಸಿಕೊಂಡು ಬರೋಕೆ’ ಅನ್ನುತ್ತಾರೆ. ಉಳಿದವರು ತಲೆ ಕೆರೆದುಕೊಳ್ಳುತ್ತಾರೆ. ತಲೆ ಕೆರೆದುಕೊಂಡವರೇ ಸಿನಿಮಾ ಸರಿಯಾಗಿ ನೋಡಿದವರು. ಯಾಕೆಂದರೆ ಮೊದಲನೆಯ ಉತ್ತರ ತಪ್ಪು.

ಇದು 1968ರ ಚಿತ್ರ. ಎರಡೂವರೆ ಗಂಟೆಗೂ ಜಾಸ್ತಿ ಓಡುತ್ತದೆ. ನಿರ್ದೇಶಕ ಬ್ರಯಾನ್ ಜಿ. ಹಟನ್. ಕಥೆ, ಚಿತ್ರಕಥೆ ಎರಡೂ ಅಲಿಸ್ಟೇರ್ ಮೆಕ್ಲೀನ್ ಅವರದು. ಎರಡನ್ನೂ ಅವರು ಹೆಚ್ಚುಕಮ್ಮಿ ಒಟ್ಟಿಗೇ ಬರೆದರು. ಕಾದಂಬರಿ 1967ರಲ್ಲಿ ಬಂತು. ಅಂದಿನಿಂದ ಇವತ್ತಿನವರೆಗೆ ಇದನ್ನು ನೋಡಿದವರು ಎರಡು ಪಂಗಡವಾಗಿ ಕಿತ್ತಾಡುತ್ತಿದ್ದಾರೆ. ಒಬ್ಬರಿಗೆ ಇದು ಯುದ್ಧಕಾಲದ ಸಾಹಸ ಚಿತ್ರಗಳಲ್ಲೇ ರಾಜ. ಇನ್ನೊಬ್ಬರಿಗೆ ತಲೆಬುಡವಿಲ್ಲದ ಗುಂಡಿನ ಮಳೆ. ನನಗೆ ಅನ್ನಿಸುವುದು, ಇದು ಯುದ್ಧದ ಸಮವಸ್ತ್ರ ಹಾಕಿಕೊಂಡ ಪತ್ತೇದಾರಿ ಕಥೆ. ಸಮವಸ್ತ್ರ ನೋಡಿದವರು ಒಂದು ಹೇಳುತ್ತಾರೆ, ಒಳಗಿನ ಪತ್ತೇದಾರನನ್ನು ಕಂಡವರು ಇನ್ನೊಂದು. ತಮಾಷೆ ಅಂದರೆ, ‘ಹೀಗೆಲ್ಲ ಎಲ್ಲಾದರೂ ನಡೆಯುತ್ತದಾ’ ಅಂತ ಜನ ಬೈಯುವ ಸಂಗತಿಗಳಿಗೆ ಎರಡನೆಯ ಮಹಾಯುದ್ಧದಲ್ಲೇ ಸಾಕ್ಷಿ ಸಿಗುತ್ತದೆ. ಯಾರೂ ಅನುಮಾನಪಡದೆ ನುಂಗಿಬಿಡುವ ಕೆಲವು ದೃಶ್ಯಗಳೇ ಸುಳ್ಳು.

ಅದನ್ನು ತೋರಿಸಬೇಕಾದರೆ ಕಥೆಯ ಗಂಟು ಪೂರ್ತಿ ಬಿಚ್ಚಲೇಬೇಕು. ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಮೇಲೆ ಕಾಣುವ ಕಥೆ ಹೀಗಿದೆ. 1943–44ರ ಚಳಿಗಾಲ. ಅಮೆರಿಕದ ಬ್ರಿಗೇಡಿಯರ್ ಜನರಲ್ ಕಾರ್ನಬಿ ಪ್ರಯಾಣಿಸುತ್ತಿದ್ದ ವಿಮಾನ ಕೆಳಗಿಳಿಯುತ್ತದೆ. ಜರ್ಮನ್ನರು ಅವನನ್ನು ಹಿಡಿದು ಆಲ್ಪ್ಸ್ ಪರ್ವತದ ‘ಶ್ಲಾಸ್ ಆಡ್ಲರ್’ ಕೋಟೆಗೆ ಒಯ್ಯುತ್ತಾರೆ. ಆಡ್ಲರ್ ಅಂದರೆ ಹದ್ದು. ಮಿತ್ರಪಡೆಗಳು ಯುರೋಪಿಗೆ ಎಲ್ಲಿಂದ, ಯಾವಾಗ ನುಗ್ಗುತ್ತವೆ ಅನ್ನುವುದು ಈ ಜನರಲ್‌ಗೆ ಗೊತ್ತು. ಅವನು ಬಾಯಿ ಬಿಡುವ ಮೊದಲು ಕರೆತರಬೇಕು. ಬ್ರಿಟಿಷ್ ಗೂಢಚರ ಸಂಸ್ಥೆ ಎಂಐ6ನ ಅಡ್ಮಿರಲ್ ರೋಲಂಡ್ ಮತ್ತು ಕರ್ನಲ್ ಟರ್ನರ್ ಏಳು ಜನರ ತಂಡವನ್ನು ಪ್ಯಾರಾಚೂಟ್‌ನಲ್ಲಿ ಇಳಿಸುತ್ತಾರೆ. ನಾಯಕ ಮೇಜರ್ ಸ್ಮಿತ್, ಅಂದರೆ ರಿಚರ್ಡ್ ಬರ್ಟನ್. ತಂಡದ ಒಬ್ಬನೇ ಅಮೆರಿಕನ್ ಲೆಫ್ಟಿನೆಂಟ್ ಶೇಫರ್, ಅಂದರೆ ಈಸ್ಟ್‌ವುಡ್. ಅದೇ ವಿಮಾನದಿಂದ ಯಾರಿಗೂ ಗೊತ್ತಾಗದ ಹಾಗೆ ಮೇರಿ ಎಂಬ ಏಜೆಂಟ್ ಕೂಡ ಹಾರುತ್ತಾಳೆ. ಸ್ಮಿತ್‌ಗೆ ಮಾತ್ರ ಇದು ಗೊತ್ತು.

ಇಳಿದ ಕೂಡಲೇ ಒಬ್ಬ ಸಾಯುತ್ತಾನೆ. ರೇಡಿಯೋ ನೋಡಿಕೊಳ್ಳುತ್ತಿದ್ದವನು. ಕತ್ತು ಮುರಿದಿದೆ. ಬಿದ್ದು ಮುರಿದದ್ದಲ್ಲ, ಯಾರೋ ಮುರಿದದ್ದು. ಹಳ್ಳಿಗೆ ಬಂದ ಮೇಲೆ ಇನ್ನೊಬ್ಬ ಹೆಣವಾಗುತ್ತಾನೆ. ಅಲ್ಲಿಗೆ ಇದು ಯುದ್ಧದ ಕಥೆಯಾಗಿ ಉಳಿಯುವುದಿಲ್ಲ. ಮುಚ್ಚಿದ ಮನೆಯೊಳಗೆ ಕೊಲೆ ನಡೆದು, ಕೊಲೆಗಾರ ಒಳಗಿರುವವರಲ್ಲೇ ಒಬ್ಬ ಅನ್ನುವ ಜಾತಿಯ ಕಥೆ ಆಗುತ್ತದೆ. ಸಿನಿಮಾ ಬೇಕಂತಲೇ ನಮ್ಮ ಕಣ್ಣನ್ನು ಸ್ಮಿತ್ ಕಡೆ ತಿರುಗಿಸುತ್ತದೆ. ಅವನು ಆಗಾಗ ಒಬ್ಬನೇ ಎಲ್ಲಿಗೋ ಹೋಗುತ್ತಾನೆ. ಗೊತ್ತಿದ್ದದ್ದನ್ನು ಮುಚ್ಚಿಡುತ್ತಾನೆ. ಮೇರಿಯನ್ನು ಗುಟ್ಟಾಗಿ ಭೇಟಿ ಮಾಡುತ್ತಾನೆ. ನಾಯಕನೇ ಖಳನಾಯಕ ಇರಬಹುದಾ ಅಂತ ಸಣ್ಣ ಅನುಮಾನ ಹುಟ್ಟಿಸಿದ ಮೇಲೆಯೇ ಕಥೆ ನಮ್ಮನ್ನು ಕೋಟೆಯ ಒಳಗೆ ಬಿಡುವುದು.

ಆ ಹತ್ತು ಹನ್ನೆರಡು ನಿಮಿಷ

ಎಲ್ಲ ಗೊಂದಲದ ಮೂಲ ಕೋಟೆಯ ದೊಡ್ಡ ಹಾಲ್‌ನಲ್ಲಿ, ಬೆಂಕಿಗೂಡಿನ ಮುಂದೆ ನಡೆಯುವ ದೃಶ್ಯ. ‘ಇಲ್ಲೇ ನನಗೆ ಕಥೆ ಕೈತಪ್ಪಿದ್ದು’ ಅಂತ ಹೇಳುವವರು ಬಹಳ. ನನಗೂ ಮೊದಲ ಸಲ ತಪ್ಪಿತ್ತು. ಇಲ್ಲಿ ಅವಸರ ಮಾಡುವುದು ಬೇಡ.

ಒಳಗೆ ಜರ್ಮನ್ ಕರ್ನಲ್ ಕ್ರಾಮರ್, ಜನರಲ್ ರೋಸ್‌ಮೇಯರ್, ಬಂದಿ ಕಾರ್ನಬಿ ಕೂತಿದ್ದಾರೆ. ಸ್ಮಿತ್ ತಂಡದ ಮೂವರು, ಬರ್ಕ್ಲಿ, ಕ್ರಿಶ್ಚಿಯನ್‌ಸೆನ್ ಮತ್ತು ಥಾಮಸ್, ಬಂದಿಗಳಾಗಿ ಬರುವ ಬದಲು ನೆಂಟರ ಹಾಗೆ ಬರುತ್ತಾರೆ. ನಾವು ಜರ್ಮನಿಯ ಏಜೆಂಟರೇ ಅಂತ ಹೇಳಿಕೊಳ್ಳುತ್ತಾರೆ. ಅಷ್ಟರಲ್ಲಿ ಬಂದೂಕು ಹಿಡಿದು ಸ್ಮಿತ್ ಮತ್ತು ಶೇಫರ್ ಪ್ರವೇಶ. ಈಗ ಗುಂಡು ಹಾರುತ್ತದೆ ಅಂತ ನಾವು ಕಾಯುತ್ತೇವೆ. ಹಾರುವುದಿಲ್ಲ. ಸ್ಮಿತ್ ತನ್ನ ಜೊತೆಗಾರ ಶೇಫರ್‌ಗೇ ಬಂದೂಕು ಕೆಳಗಿಡು ಅನ್ನುತ್ತಾನೆ!

ಆಮೇಲೆ ಕೂತುಕೊಂಡು ಒಂದೊಂದೇ ಬಾಂಬು ಹಾಕುತ್ತಾನೆ. ಒಂದು, ಈ ಕಾರ್ನಬಿ ಜನರಲ್ಲೇ ಅಲ್ಲ, ಕಾರ್ಟ್‌ರೈಟ್ ಜೋನ್ಸ್ ಅನ್ನುವ ನಟ. ಅವನು ನಿಮ್ಮ ಕೈಗೆ ಸಿಕ್ಕಿದ್ದೇ ನಾಟಕ. ಎರಡು, ನಾನು ಸ್ಮಿತ್ ಅಲ್ಲ, ಜರ್ಮನ್ ಗುಪ್ತಚರ ವಿಭಾಗದ ಯೊಹಾನ್ ಶ್ಮಿಟ್. ಬೇಕಾದರೆ ಇಟಲಿಯಲ್ಲಿರುವ ನಿಮ್ಮ ಅಧಿಕಾರಿಗೆ ಫೋನ್ ಮಾಡಿ. ಫೋನ್ ಮಾಡುತ್ತಾರೆ, ಆ ಕಡೆಯಿಂದ ಹೌದು ಅನ್ನುತ್ತಾರೆ. ಮೂರು, ಈ ಮೂವರು ನಿಮ್ಮವರಲ್ಲ. ನಿಮ್ಮ ನಿಜವಾದ ಏಜೆಂಟರನ್ನು ಬ್ರಿಟಿಷರು ಹಿಡಿದುಹಾಕಿ, ಅವರ ವೇಷದಲ್ಲಿ ಇವರನ್ನು ಕಳಿಸಿದ್ದಾರೆ.

ಇದು ನಿಜವೋ ಸುಳ್ಳೋ ಗೊತ್ತಾಗಬೇಕಾದರೆ ಸುಲಭದ ದಾರಿ ಒಂದಿದೆ ಅನ್ನುತ್ತಾನೆ ಸ್ಮಿತ್. ಬ್ರಿಟನ್ನಿನಲ್ಲಿ ಜರ್ಮನಿಗೆ ಕೆಲಸ ಮಾಡುವ ಎಲ್ಲರ ಹೆಸರನ್ನೂ ಈ ಮೂವರು ಬರೆಯಲಿ. ನನ್ನ ಹತ್ತಿರ ಅಸಲಿ ಪಟ್ಟಿ ಇದೆ. ತಾಳೆ ನೋಡೋಣ. ಮೂವರೂ ಪ್ರಾಣಭಯದಲ್ಲಿ ಪರೀಕ್ಷೆ ಬರೆಯುವ ಹುಡುಗರ ಹಾಗೆ ಹೆಸರು ಗೀಚುತ್ತಾರೆ. ಕ್ರಾಮರ್ ಸ್ಮಿತ್‌ನ ಪುಸ್ತಕ ತೆರೆದರೆ ಹಾಳೆಗಳು ಖಾಲಿ.

ಆಟ ಅಲ್ಲಿಗೆ ಮುಗಿಯಿತು. ಸ್ಮಿತ್ ಹತ್ತಿರ ಪಟ್ಟಿ ಇರಲೇ ಇಲ್ಲ. ಅವನು ಬಂದದ್ದೇ ಆ ಪಟ್ಟಿಗಾಗಿ.

ಇನ್ನೂ ಗೋಜಲು ಅನ್ನಿಸಿದರೆ ಹೀಗೆ ಯೋಚಿಸಿ. ನಿಮ್ಮೂರಿನ ಮೂವರು ಕಳ್ಳರ ಗುಂಪಿನವರು ಅಂತ ನಿಮಗೆ ಅನುಮಾನ. ಹಿಡಿದು ಹೊಡೆದರೆ ಬಾಯಿ ಬಿಡಬಹುದು, ಬಿಡದೆಯೂ ಇರಬಹುದು. ಅದರ ಬದಲು ನೀವೇ ಕಳ್ಳರ ಯಜಮಾನನ ವೇಷ ಹಾಕಿಕೊಂಡು ಅವರ ಅಡ್ಡೆಗೇ ಹೋಗಿ, ‘ನೀವು ನಮ್ಮವರೋ ಪೊಲೀಸರ ಕಡೆಯವರೋ ನನಗೆ ನಂಬಿಕೆಯಿಲ್ಲ. ನಮ್ಮವರೇ ಆದರೆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಬರೀರಿ ನೋಡೋಣ’ ಅಂದರೆ? ಹೊಡೆತ ತಿಂದರೂ ಹೇಳದವರು ನಿಯತ್ತು ತೋರಿಸಲು ಬರೆದುಕೊಡುತ್ತಾರೆ. ಸ್ಮಿತ್ ಮಾಡಿದ್ದು ಇಷ್ಟೇ. ಅಡ್ಡೆ ಬೆಟ್ಟದ ತುದಿಯಲ್ಲಿತ್ತು, ಅಷ್ಟು ವ್ಯತ್ಯಾಸ.

ಅಷ್ಟರಲ್ಲಿ ನಾಝಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋದ ಅಧಿಕಾರಿ ಫಾನ್ ಹಾಪನ್ ಪಿಸ್ತೂಲು ಹಿಡಿದು ನುಗ್ಗುತ್ತಾನೆ. ಮೇರಿಯ ಸುಳ್ಳು ಗುರುತಿನ ಮೇಲೆ ಅವನಿಗೆ ಆಗಲೇ ಅನುಮಾನ ಬಂದಿರುತ್ತದೆ. ಆ ಗಲಿಬಿಲಿಯಲ್ಲಿ ಶೇಫರ್ ಕೆಲಸ ಮುಗಿಸುತ್ತಾನೆ. ಅಲ್ಲಿಂದ ಮುಂದೆ ಸುಮಾರು ಒಂದು ಗಂಟೆ ಬರೀ ಢಮಾರ್ ಢಮಾರ್.

ಈ ದೃಶ್ಯದಲ್ಲಿ ನೀವು ಸ್ಮಿತ್‌ನನ್ನು ಬಿಟ್ಟು ಶೇಫರ್‌ನ ಮುಖ ನೋಡಿ. ಅವನಿಗೆ ಏನೂ ಗೊತ್ತಿಲ್ಲ. ಸ್ಮಿತ್ ಮೋಸಗಾರನೋ ಅಲ್ಲವೋ ಅಂತ ಅವನೂ ನಮ್ಮ ಹಾಗೇ ಕಣ್ಣು ಕಣ್ಣು ಬಿಡುತ್ತಿದ್ದಾನೆ. ‘ಈಸ್ಟ್‌ವುಡ್‌ಗೆ ಮಾತೇ ಇಲ್ಲ, ಸುಮ್ನೆ ನಿಂತಿರುತ್ತಾನೆ’ ಅನ್ನುವುದು ಹಳೆಯ ದೂರು. ಅವನು ಪ್ರೇಕ್ಷಕನ ಜಾಗದಲ್ಲಿ ನಿಂತಿದ್ದಾನೆ ಅಂದುಕೊಂಡರೆ ಆ ಮೌನ ಸರಿಯಾಗಿ ಕೂರುತ್ತದೆ. ಬರ್ಟನ್ ರಂಗಭೂಮಿಯಿಂದ ಬಂದ ಕಂಚಿನ ಕಂಠದ ನಟ. ಮಾತಿನ ಭಾರ ಅವರಿಗೆ, ಬಂದೂಕಿನ ಭಾರ ಇವರಿಗೆ.

ಬೇಲಿಯೇ ಹೊಲ ಮೇಯ್ದರೆ

ಬುದ್ಧಿವಂತ ಪ್ರೇಕ್ಷಕರ ದೊಡ್ಡ ತಕರಾರು ಇದು: ಆ ಮೂವರ ಮೇಲೆ ಅನುಮಾನವಿದ್ದರೆ ಲಂಡನ್ನಿನಲ್ಲೇ ಹಿಡಿದು ಕೂರಿಸಬಹುದಿತ್ತಲ್ಲ? ವಿಮಾನ, ನಟ, ಕೋಟೆ, ಇಷ್ಟೆಲ್ಲ ಖರ್ಚು ಯಾಕೆ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು, ಅಲ್ವಾ?

ಹೌದು, ಇಲಿ ಹಿಡಿಯಲೆಂದೇ ಬೆಟ್ಟ ಅಗೆದದ್ದು. ಪಟ್ಟಿ ಒಂದು ಲಾಭ. ಅದಕ್ಕಿಂತ ದೊಡ್ಡ ಬೇಟೆ ಇನ್ನೊಂದಿತ್ತು. ತನ್ನನ್ನು ನಂಬಿಸಲು ಸ್ಮಿತ್ ಆ ಹಾಲ್‌ನಲ್ಲಿ ಕ್ರಾಮರ್‌ಗೆ ಒಂದು ಹೆಸರು ಬರೆದು ತೋರಿಸಿರುತ್ತಾನೆ. ಬ್ರಿಟನ್ನಿನಲ್ಲಿರುವ ಜರ್ಮನಿಯ ಅತಿ ದೊಡ್ಡ ಗೂಢಚರನ ಹೆಸರು. ಕ್ರಾಮರ್ ಒಪ್ಪಿಕೊಳ್ಳುತ್ತಾನೆ. ನಮಗೆ ಆ ಹೆಸರು ಕಾಣಿಸುವುದಿಲ್ಲ. ಕೊನೆಯಲ್ಲಿ, ತಪ್ಪಿಸಿಕೊಂಡು ಹೋಗುವ ವಿಮಾನದಲ್ಲಿ ಗೊತ್ತಾಗುತ್ತದೆ: ಅದು ಕರ್ನಲ್ ಟರ್ನರ್. ಈ ಇಡೀ ಕಾರ್ಯಾಚರಣೆಗೆ ಅವರನ್ನು ಕಳಿಸಿದವನೇ. ಅನುಮಾನವಿದ್ದದ್ದು ಅಡ್ಮಿರಲ್ ರೋಲಂಡ್‌ಗೆ, ಆದರೆ ಪುರಾವೆ ಶತ್ರುವಿನ ಬಾಯಿಂದಲೇ ಬರಬೇಕಿತ್ತು. ಬೇಲಿಯೇ ಹೊಲ ಮೇಯುತ್ತಿದ್ದರೆ ಬೇಲಿಯನ್ನೇ ಕೇಳಿ ಪ್ರಯೋಜನವಿಲ್ಲ ತಾನೇ.

ಶೇಫರ್ ಯಾಕೆ ಬಂದ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಎಂಐ6 ಒಳಗೆ ಯಾರನ್ನು ನಂಬಬೇಕೋ ಗೊತ್ತಿಲ್ಲ. ಆದ್ದರಿಂದ ಆ ಸಂಸ್ಥೆಯ ಗಾಳಿಯೂ ಸೋಕದ ಹೊರಗಿನವನೊಬ್ಬ ಬೇಕಿತ್ತು.

ಆದರೂ ಒಂದು ವಿಷಯ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮೊದಲು ಸತ್ತ ಆ ಇಬ್ಬರು, ಹ್ಯಾರಡ್ ಮತ್ತು ಮೆಕ್‌ಫರ್ಸನ್. ಅವರು ದ್ರೋಹಿಗಳಲ್ಲ. ದ್ರೋಹಿಗಳ ನಡುವೆ ಕಳಿಸುತ್ತಿದ್ದೇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸ್ಮಿತ್‌ಗೂ ಅವರ ನೆನಪು ಹೆಚ್ಚು ಕಾಡುವುದಿಲ್ಲ, ಚಿತ್ರಕ್ಕಂತೂ ಇಲ್ಲವೇ ಇಲ್ಲ. ಗುಂಡಿನ ಲೆಕ್ಕ ತಪ್ಪಿತು ಅಂತ ಗಲಾಟೆ ಮಾಡುವವರು ಈ ಇಬ್ಬರ ಬಗ್ಗೆ ಯಾಕೆ ಕೇಳುವುದಿಲ್ಲವೋ!

ಕಟ್ಟುಕಥೆ ಅನ್ನುವ ಮೊದಲು

ಒಬ್ಬ ಅಧಿಕಾರಿ ಸೆರೆ ಸಿಕ್ಕಿದ್ದಕ್ಕೆ ಇಷ್ಟು ಗಾಬರಿಯಾ ಅಂತ ಕೆಲವರು ನಗುತ್ತಾರೆ. 1944ರ ಏಪ್ರಿಲ್ 28ರ ನಸುಕಿನಲ್ಲಿ ನಡೆದದ್ದು ಕೇಳಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಮಿತ್ರಪಡೆಗಳು ಫ್ರಾನ್ಸಿನ ತೀರದಿಂದ ಯುರೋಪಿಗೆ ನುಗ್ಗಲಿದ್ದ ನಾರ್ಮಂಡಿ ದಾಳಿಯ ತಾಲೀಮು ನಡೆಯುತ್ತಿತ್ತು. ಹೆಸರು ‘ಎಕ್ಸರ್ಸೈಸ್ ಟೈಗರ್’. ಜರ್ಮನ್ ದೋಣಿಗಳು ಕತ್ತಲಲ್ಲಿ ನುಗ್ಗಿ ಹಡಗುಗಳನ್ನು ಮುಳುಗಿಸಿದವು. 700ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಕಾಣೆಯಾದವರಲ್ಲಿ 10 ಜನ ಅಧಿಕಾರಿಗಳಿಗೆ ದಾಳಿಯ ರಹಸ್ಯ ಗೊತ್ತಿತ್ತು. ಅವರಲ್ಲಿ ಒಬ್ಬ ಬದುಕಿ ಜರ್ಮನ್ನರ ಕೈಗೆ ಸಿಕ್ಕಿದ್ದರೂ ಇಡೀ ಯೋಜನೆ ಹಾಳು. ಹತ್ತೂ ದೇಹ ಸಿಗುವವರೆಗೆ ಹುಡುಕಿದರು. ಸಿಕ್ಕವು. ಜೂನ್ 6ಕ್ಕೆ ದಾಳಿ ನಡೆಯಿತು.

ನಟನೊಬ್ಬ ಜನರಲ್ ಆಗುವುದಾ? ಅದೂ ಆಗಿದೆ. ಅದೇ 1944ರಲ್ಲಿ ಬ್ರಿಟಿಷ್ ಸೇನೆಯ ಸಂಬಳ ವಿಭಾಗದಲ್ಲಿ ಎಂ. ಇ. ಕ್ಲಿಫ್ಟನ್ ಜೇಮ್ಸ್ ಅಂತ ಒಬ್ಬ ಲೆಫ್ಟಿನೆಂಟ್ ಇದ್ದ. ಯುದ್ಧಕ್ಕೆ ಮೊದಲು ನಾಟಕದ ನಟ. ನೋಡಲು, ನಾರ್ಮಂಡಿ ದಾಳಿಯ ಭೂಸೇನೆಯನ್ನು ನಡೆಸಲಿದ್ದ ಬ್ರಿಟಿಷ್ ಜನರಲ್ ಮಾಂಟ್‌ಗೊಮರಿಯ ತದ್ರೂಪು. ಅವನಿಗೆ ನಡಿಗೆ, ಸಲ್ಯೂಟ್, ಮಾತು ಎಲ್ಲ ಕಲಿಸಿ, ಮಾಂಟ್‌ಗೊಮರಿಯ ವೇಷದಲ್ಲಿ ಜಿಬ್ರಾಲ್ಟರ್ ಮತ್ತು ಆಲ್ಜೀರ್ಸ್‌ಗೆ ಕಳಿಸಿದರು. ಜರ್ಮನ್ ಗೂಢಚರರು ನೋಡಲಿ, ದಾಳಿ ದಕ್ಷಿಣದಿಂದ ಬರುತ್ತದೆ ಅಂದುಕೊಳ್ಳಲಿ ಅಂತ. ಜರ್ಮನ್ನರು ಅದನ್ನು ಎಷ್ಟು ನಂಬಿದರೋ ಬಿಡಿ. ಕಾರ್ಟ್‌ರೈಟ್ ಜೋನ್ಸ್ ಮಾತ್ರ ಮೆಕ್ಲೀನ್ ಅವರ ಹುಚ್ಚು ಕಲ್ಪನೆಯಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಪಟ್ಟಿಯ ಕಥೆ ಇನ್ನೂ ಸ್ವಾರಸ್ಯ. ಚಿತ್ರದಲ್ಲಿ ಬ್ರಿಟನ್ ತುಂಬ ಜರ್ಮನ್ ಏಜೆಂಟರಿದ್ದಾರೆ. ಚರಿತ್ರೆಯಲ್ಲಿ ಇದು ಪೂರಾ ಉಲ್ಟಾ. ಜರ್ಮನಿ ಕಳಿಸಿದ ಗೂಢಚರರನ್ನು ಬ್ರಿಟಿಷರು ಹಿಡಿದು, ಎಷ್ಟೋ ಜನರನ್ನು ತಮ್ಮ ಕಡೆ ತಿರುಗಿಸಿಕೊಂಡು, ಅವರ ಕೈಯಿಂದಲೇ ಬರ್ಲಿನ್‌ಗೆ ಸುಳ್ಳು ಸುದ್ದಿ ಕಳಿಸುತ್ತಿದ್ದರು. ‘ಗಾರ್ಬೊ’ ಎಂಬ ಗುಪ್ತನಾಮದ ಸ್ಪೇನಿನ ಹ್ವಾನ್ ಪುಜೋಲ್ ಇದರಲ್ಲಿ ಎಲ್ಲರನ್ನೂ ಮೀರಿಸಿದವನು. ತನ್ನ ಕೈಕೆಳಗೆ 27 ಜನ ಏಜೆಂಟರಿದ್ದಾರೆ ಅಂತ ಜರ್ಮನ್ನರನ್ನು ನಂಬಿಸಿದ. ಅವರಲ್ಲಿ ಒಬ್ಬನೂ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಆ ಇಲ್ಲದವರ ಖರ್ಚಿಗೆ ಜರ್ಮನಿ ದುಡ್ಡೂ ಕಳಿಸಿತು. ಪುಜೋಲ್‌ಗೆ ಜರ್ಮನಿಯ ಐರನ್ ಕ್ರಾಸ್ ಪದಕ ಸಿಕ್ಕಿತು, ಬ್ರಿಟನ್ನಿನ ಎಂಬಿಇ ಗೌರವ ಕೂಡ ಸಿಕ್ಕಿತು. ಸ್ಮಿತ್ ತೋರಿಸಿದ ಖಾಲಿ ಪುಸ್ತಕವೇ ಅಸಲಿ ಪಟ್ಟಿಗೆ ಹತ್ತಿರ ಇತ್ತು ಅನ್ನಬಹುದು. 1968ರಲ್ಲಿ ಟಿಕೆಟ್ ಕೊಂಡು ಕೂತವರಿಗೆ ಇದು ಗೊತ್ತಿರಲಿಲ್ಲ. ಈ ವ್ಯವಸ್ಥೆಯನ್ನು ನಡೆಸಿದ ಸಮಿತಿಯ ಅಧ್ಯಕ್ಷ ಜೆ. ಸಿ. ಮಾಸ್ಟರ್‌ಮನ್ ಅವರ ಪುಸ್ತಕ ಹೊರಬಂದದ್ದು 1972ರಲ್ಲಿ.

ಆ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತಿದ್ದ ಹೆಸರು ಬೇರೆ: ಕಿಮ್ ಫಿಲ್ಬಿ. ಎಂಐ6ನ ಹಿರಿಯ ಅಧಿಕಾರಿ. 1944ರಲ್ಲಿ ಸೋವಿಯತ್ ವಿರುದ್ಧದ ವಿಭಾಗಕ್ಕೇ ಮುಖ್ಯಸ್ಥನಾದವನು ಸೋವಿಯತ್ ಗೂಢಚರನೇ ಆಗಿದ್ದ. 1963ರ ಜನವರಿಯಲ್ಲಿ ಬೈರೂತ್‌ನಿಂದ ಮಾಸ್ಕೋಗೆ ಪರಾರಿಯಾದ. ಐದು ವರ್ಷದ ಹಿಂದಿನ ಗಾಯ ಅದು. ಸೂಟು ಬೂಟಿನ ಸಭ್ಯ ಟರ್ನರ್ ದ್ರೋಹಿ ಅಂತ ತೆರೆಯ ಮೇಲೆ ಬಯಲಾದಾಗ ಬ್ರಿಟಿಷ್ ಪ್ರೇಕ್ಷಕರಿಗೆ ನಾಝಿಗಳಿಗಿಂತ ಫಿಲ್ಬಿಯೇ ನೆನಪಾಗಿರಬೇಕು.

ಚಿತ್ರದ ಹೆಸರೂ ಅಲ್ಲಿಗೇ ಬೊಟ್ಟು ಮಾಡುತ್ತದೆ. ಷೇಕ್ಸ್‌ಪಿಯರ್‌ನ ‘ಮೂರನೆಯ ರಿಚರ್ಡ್’ ನಾಟಕದಲ್ಲಿ ಒಂದು ಮಾತಿದೆ: ಕಾಲ ಎಷ್ಟು ಕೆಟ್ಟಿತೆಂದರೆ, ಹದ್ದುಗಳು ಕೂರಲು ಅಂಜುವ ಕಡೆ ಪುಟ್ಟ ಗುಬ್ಬಚ್ಚಿ ಜಾತಿಯ ಹಕ್ಕಿಗಳು ಬೇಟೆಯಾಡುತ್ತಿವೆ. ಶೀರ್ಷಿಕೆಯಲ್ಲಿ ಹದ್ದು ಉಳಿಯಿತು, ಗುಬ್ಬಚ್ಚಿ ಬಿಟ್ಟುಹೋಯಿತು. ಕೇಳಲು ವೀರಾವೇಶದ ಹೆಸರು. ಮೂಲದ ಅರ್ಥ ಟರ್ನರ್‌ನಂಥವರಿಗೇ ಹೆಚ್ಚು ಒಪ್ಪುತ್ತದೆ.

ಇನ್ನು ನಿಜವಾದ ಸುಳ್ಳುಗಳು. ಜನರಲ್ ರೋಸ್‌ಮೇಯರ್ ಕೋಟೆಯ ಅಂಗಳಕ್ಕೆ ಹೆಲಿಕಾಪ್ಟರ್‌ನಲ್ಲಿ ಇಳಿಯುತ್ತಾನೆ. ಸುಮಾರು ಪ್ರೇಕ್ಷಕರು ಗಮನಿಸುವುದೇ ಇಲ್ಲ. ಅದು ಅಮೆರಿಕದ ಬೆಲ್ 47. ಮೊದಲ ಸಲ ಹಾರಿದ್ದು 1945ರ ಡಿಸೆಂಬರ್‌ನಲ್ಲಿ, ಯುದ್ಧ ಮುಗಿದ ಮೇಲೆ. ಜರ್ಮನ್ನರ ಬಳಿ ತಮ್ಮದೇ ಕೆಲವು ಹೆಲಿಕಾಪ್ಟರ್‌ಗಳಿದ್ದವು. ಇದು ಅದಲ್ಲ. ಈಸ್ಟ್‌ವುಡ್ ಕೈಯ ಎಂಪಿ40 ಬಂದೂಕಿನ ಕಥೆಯೂ ಅಷ್ಟೇ. ಅದರಲ್ಲಿ ಹಿಡಿಯುವುದು 32 ಗುಂಡು. ನಿಮಿಷಕ್ಕೆ 500ರ ವೇಗದಲ್ಲಿ ಹೊಡೆದರೆ ನಾಲ್ಕು ಸೆಕೆಂಡಿಗೇ ಖಾಲಿ. ಸಿನಿಮಾದಲ್ಲಿ ಅದು ದ್ರೌಪದಿಯ ಅಕ್ಷಯ ಪಾತ್ರೆ. ಎಷ್ಟು ಜನ ಸತ್ತರು ಅಂತ ಎಣಿಸುವುದೇ ಕೆಲವು ಅಭಿಮಾನಿಗಳ ಹವ್ಯಾಸ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಜರ್ಮನ್ನರು ಜರ್ಮನ್ನರ ಜೊತೆಗೇ ಇಂಗ್ಲಿಷ್ ಮಾತಾಡುವುದು ಇನ್ನೊಂದು ದೂರು. ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಪೌರಾಣಿಕ ಚಿತ್ರಗಳಲ್ಲಿ ಲಂಕೆಯ ರಾವಣ ಅಚ್ಚ ಕನ್ನಡದಲ್ಲಿ ಅಬ್ಬರಿಸಿದರೆ ನಾವು ಎದ್ದು ಹೋಗುತ್ತೇವಾ?

ಕೋಟೆ ಮಾತ್ರ ಅಸಲಿ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ದಕ್ಷಿಣಕ್ಕಿರುವ ಹೋಹನ್‌ವೆರ್ಫನ್. ಹನ್ನೊಂದನೆಯ ಶತಮಾನದ್ದು. ‘ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಮಕ್ಕಳು ಹುಲ್ಲುಗಾವಲಲ್ಲಿ ಕೂತು ಸ್ವರ ಕಲಿಯುವಾಗ ಹಿಂದೆ ದೂರದಲ್ಲಿ ಕಾಣುವುದೂ ಇದೇ. ಕೋಟೆಗೆ ಕೇಬಲ್ ಕಾರು ಹುಡುಕಿಕೊಂಡು ಹೋದರೆ ನಿರಾಶೆ. ಅದು ಬೇರೆ ಊರಿನದು, ಎಬೆನ್‌ಜೀ ಹತ್ತಿರದ ಫೊಯರ್‌ಕೋಗೆಲ್ ಬೆಟ್ಟದ್ದು. ಅದರ ಮೇಲೆ ಬರ್ಟನ್ ಬದಲು ಜೀವ ಕೈಯಲ್ಲಿ ಹಿಡಿದು ಹಾರಿದ್ದು ಸಾಹಸ ಕಲಾವಿದ ಆಲ್ಫ್ ಜಾಯಿಂಟ್. ಈ ಕೆಲಸಗಳನ್ನೆಲ್ಲ ನೋಡಿಕೊಂಡದ್ದು ಹಾಲಿವುಡ್‌ನ ಹಳೆಯ ಹುಲಿ ಯಾಕಿಮಾ ಕನೂಟ್. ಕೋಟೆಯಲ್ಲಿ ಈಗ ಬೇಟೆ ಹಕ್ಕಿಗಳ ಹಾರಾಟದ ಪ್ರದರ್ಶನ ನಡೆಯುತ್ತದೆ. ಹೆಸರಿಗೆ ತಕ್ಕ ಹಾಗೆ.

ಕೊನೆಯ ದೃಶ್ಯಕ್ಕೆ ಬರೋಣ, ಯಾಕೆಂದರೆ ಸ್ಫೋಟಗಳಲ್ಲಿ ಕಿವಿ ದಣಿದವರು ಇಲ್ಲಿ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ವಿಮಾನದೊಳಗೆ ಸದ್ದಿಲ್ಲ. ಟರ್ನರ್ ಸ್ಮಿತ್ ಕಡೆ ಸ್ಟೆನ್ ಗನ್ ಹಿಡಿಯುತ್ತಾನೆ. ಅದು ಹಾರುವುದಿಲ್ಲ. ರೋಲಂಡ್ ಮೊದಲೇ ಅದರ ಪಿನ್ ತೆಗೆಸಿಟ್ಟಿದ್ದ. ಟರ್ನರ್‌ಗೆ ಉಳಿದದ್ದು ಎರಡು ದಾರಿ: ಲಂಡನ್ನಿನಲ್ಲಿ ವಿಚಾರಣೆ, ಅಥವಾ ವಿಮಾನದ ಬಾಗಿಲು. ಪ್ಯಾರಾಚೂಟ್ ಇಲ್ಲದೆ ಹೊರಗೆ ಹೆಜ್ಜೆ ಇಡುತ್ತಾನೆ. ಅಷ್ಟು ಜನ ಸತ್ತ ಸಿನಿಮಾದಲ್ಲಿ ನನ್ನನ್ನು ತಣ್ಣಗೆ ಮಾಡುವುದು ಈ ಒಂದು ಸಾವು.

ಶೇಫರ್ ಸೀಟಿಗೆ ಒರಗಿಕೊಂಡಿದ್ದಾನೆ. ರಾತ್ರಿಯೆಲ್ಲ ಹೊಡೆದಾಡಿದ್ದು ಯಾಕೆ ಅಂತ ಅವನಿಗೂ ಈಗಲೇ ಪೂರ್ತಿ ತಿಳಿದದ್ದು. ಸ್ಮಿತ್‌ನನ್ನು ಒಂದು ಉಪಕಾರ ಕೇಳುತ್ತಾನೆ: ಮುಂದಿನ ಸಲ ಇಂಥ ಕೆಲಸವಿದ್ದರೆ ದಯವಿಟ್ಟು ಬರೀ ಬ್ರಿಟಿಷರನ್ನೇ ಕರೆದುಕೊಂಡು ಹೋಗಿ. ಸ್ಮಿತ್ ಪ್ರಯತ್ನ ಮಾಡುತ್ತೇನೆ ಅನ್ನುತ್ತಾನೆ.